ವಿದ್ಯುತ್ ಗಣಿತಜ್ಞ ಸ್ಟೈನ್‌ಮೆಟ್ಸ್

ಊರಿನ ಅಂಚಿನಲ್ಲಿ, ತಂತಿಬೇಲಿಯ ಒಳಗೆ, ಬೂದುಬಣ್ಣದ ದೊಡ್ಡ ಕಬ್ಬಿಣದ ಪೆಟ್ಟಿಗೆಯೊಂದು ಹಗಲಿರುಳೂ ಸಣ್ಣಗೆ ಮೊರೆಯುತ್ತ ನಿಂತಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಅದು ವಿದ್ಯುತ್ ಪರಿವರ್ತಕ. ಜನರ ಬಾಯಲ್ಲಿ ಅದು ಟ್ರಾನ್ಸ್‌ಫಾರ್ಮರ್. ಹೊಲದ ಬದಿಯ ಕಂಬಗಳ ಮೇಲಿರುವ ಚಿಕ್ಕದನ್ನು ರೈತರು ಟಿ.ಸಿ. ಎಂದು ಕರೆಯುತ್ತಾರೆ. ತೆಳುವಾದ ಉಕ್ಕಿನ ಹಾಳೆಗಳನ್ನು ಒತ್ತಾಗಿ ಜೋಡಿಸಿದ ಒಂದು ಚೌಕಟ್ಟು, ಅದಕ್ಕೆ ಸುತ್ತಿದ ತಾಮ್ರದ ಸುರುಳಿಗಳು, ಸುರುಳಿಗಳಿಗೆ ಹೊದಿಸಿದ ಕಾಗದ, ಇವೆಲ್ಲವನ್ನೂ ಮುಳುಗಿಸಿರುವ ಎಣ್ಣೆ, ಇವೇ ಅದರ ಮುಖ್ಯ ಅಂಗಗಳು. ಒಂದು ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಉಕ್ಕನ್ನು ಅಯಸ್ಕಾಂತವನ್ನಾಗಿ ಮಾಡುತ್ತದೆ. ಆ ಕಾಂತತ್ವವು ಮತ್ತೊಂದು ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಎರಡನೆಯ ಸುರುಳಿಯ ಸುತ್ತುಗಳು ಹೆಚ್ಚಾಗಿದ್ದರೆ ವೋಲ್ಟೇಜು ಏರುತ್ತದೆ, ಕಡಮೆಯಾಗಿದ್ದರೆ ಇಳಿಯುತ್ತದೆ. ದೂರದ ಜಲಪಾತದ ಬಲವು ಮನೆಯ ದೀಪದವರೆಗೆ ಬರಲು ಇದೇ ದಾರಿ.

ಅದರ ಬಳಿ ಸುಳಿಯುವುದು ಅಪಾಯಕರ. ಆದರೆ ಅಲ್ಲಿ ಕೆಲಸ ಮಾಡುವವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ: ಆ ಪೆಟ್ಟಿಗೆಯ ಮೈ ಸದಾ ಬಿಸಿಯಾಗಿರುತ್ತದೆ. ಆ ಬಿಸಿ ವ್ಯರ್ಥವಾಗಿ ಹೋಗುವ ಶಕ್ತಿ. ಅಷ್ಟೇ ಅಲ್ಲ, ಅದು ಪರಿವರ್ತಕದ ಆಯುಸ್ಸನ್ನು ತಿನ್ನುವ ಶಕ್ತಿಯೂ ಹೌದು. ಉಕ್ಕಿನಲ್ಲಿ ಹುಟ್ಟುವ ಆ ಬಿಸಿ ಎಷ್ಟೆಂಬುದನ್ನು ಯಂತ್ರವನ್ನು ಕಟ್ಟುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಬಹುದೆಂದು ತೋರಿಸಿಕೊಟ್ಟವನು ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಸ್.

1865ನೆಯ ಇಸವಿ ಏಪ್ರಿಲ್ 9ರಂದು ಪ್ರಷ್ಯಾದೇಶದ ಬ್ರೆಸ್ಲೌ ನಗರದಲ್ಲಿ ಅವನು ಜನಿಸಿದನು. ಆ ನಗರ ಇಂದು ಪೋಲೆಂಡ್ ದೇಶದಲ್ಲಿದ್ದು, ವ್ರೊಟ್ಸ್ವಾಫ್ ಎಂಬ ಹೆಸರು ಪಡೆದಿದೆ. ತಂದೆ ತಾಯಿಗಳು ಇಟ್ಟ ಹೆಸರು ಕಾರ್ಲ್ ಆಗಸ್ಟ್ ರುಡೋಲ್ಫ್. ತಂದೆ ರೈಲ್ವೆ ಇಲಾಖೆಯಲ್ಲಿ ನೌಕರನಾಗಿದ್ದನು. ಮಗು ಒಂದು ವರ್ಷದ್ದಾಗಿರುವಾಗಲೇ ತಾಯಿ ತೀರಿಕೊಂಡಳು; ಅಜ್ಜಿಯ ಅಕ್ಕರೆಯಲ್ಲಿ ಅವನು ಬೆಳೆದನು. ಹುಟ್ಟಿನಿಂದಲೇ ಅವನ ಬೆನ್ನು ಗೂನಾಗಿತ್ತು, ಸೊಂಟದ ಮೂಳೆ ಸರಿಯಾಗಿ ಕೂಡಿರಲಿಲ್ಲ. ಅವನ ತಂದೆಗೂ ತಾತನಿಗೂ ಇದೇ ಊನವಿತ್ತು. ಪೂರ್ಣ ಬೆಳೆದ ಮೇಲೂ ಅವನ ಎತ್ತರ ಸುಮಾರು ನಾಲ್ಕು ಅಡಿ ಮಾತ್ರ.

ಶರೀರ ಕೊಡದ ಬಲವನ್ನು ಬುದ್ಧಿ ಧಾರಾಳವಾಗಿ ಕೊಟ್ಟಿತ್ತು. 1883ರಲ್ಲಿ ಬ್ರೆಸ್ಲೌ ವಿಶ್ವವಿದ್ಯಾನಿಲಯವನ್ನು ಸೇರಿದ ಅವನು ಗಣಿತದಲ್ಲಿ ಮೇಲುಗೈಯಾದನು. ಅಲ್ಲಿನ ಗಣಿತಸಂಘದ ಗೆಳೆಯರು ಅವನಿಗೆ ಪ್ರೋಟಿಯಸ್ ಎಂದು ಅಡ್ಡಹೆಸರಿಟ್ಟರು. ಪ್ರೋಟಿಯಸ್ ಎಂಬವನು ಗ್ರೀಕ್ ಪುರಾಣಗಳಲ್ಲಿ ಬರುವ, ಬೇಕಾದ ರೂಪವನ್ನು ತಾಳಬಲ್ಲ ಸಮುದ್ರದ ಮುದುಕ. ಮುಂದೆ ಪರಿವರ್ತಕಗಳ ಗಣಿತವನ್ನು ಬಿಡಿಸಲಿದ್ದವನಿಗೆ ರೂಪ ಬದಲಿಸುವ ದೇವತೆಯ ಹೆಸರು ಬಂದದ್ದು ಆಕಸ್ಮಿಕವೇ ಇರಬೇಕು. ಆದರೆ ಅವನಿಗೆ ಆ ಹೆಸರು ಬಹಳ ಪ್ರಿಯವಾಗಿತ್ತು.

ಆ ಕಾಲದಲ್ಲಿ ಜರ್ಮನಿಯ ಆಡಳಿತದ ಚುಕ್ಕಾಣಿ ಬಿಸ್ಮಾರ್ಕನ ಕೈಯಲ್ಲಿತ್ತು. ಸಮಾಜವಾದಿಗಳ ಸಭೆಗಳನ್ನೂ ಪತ್ರಿಕೆಗಳನ್ನೂ ಸರ್ಕಾರ ನಿಷೇಧಿಸಿತ್ತು. ಸ್ಟೈನ್‌ಮೆಟ್ಸ್ ವಿದ್ಯಾರ್ಥಿಗಳ ಸಮಾಜವಾದಿ ಸಂಘವನ್ನು ಸೇರಿ, ಅವರ ಪತ್ರಿಕೆಯ ಕೆಲಸವನ್ನೂ ವಹಿಸಿಕೊಂಡನು. ಪೊಲೀಸರ ಕಣ್ಣು ಅವನ ಮೇಲೆ ಬಿದ್ದಿತು. 1888ರಲ್ಲಿ, ಡಾಕ್ಟರ್ ಪದವಿ ಇನ್ನೇನು ಕೈಗೆ ಬರಬೇಕೆನ್ನುವ ಹೊತ್ತಿನಲ್ಲಿ, ಸೆರೆಯಾಗುವ ಭಯದಿಂದ ಅವನು ಊರು ಬಿಟ್ಟು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಕ್ಕೆ ಹೋಗಬೇಕಾಯಿತು. ಪದವಿ ಅಲ್ಲಿಗೇ ನಿಂತಿತು.

ಜ್ಯೂರಿಕ್ ನಗರದಲ್ಲಿ ಯಂತ್ರಶಾಸ್ತ್ರವನ್ನು ಓದುತ್ತಿದ್ದಾಗ ಆಸ್ಮುಸ್ಸೆನ್ ಎಂಬ ಗೆಳೆಯನ ಪರಿಚಯವಾಯಿತು. ಅವನು ಅಮೆರಿಕಕ್ಕೆ ಹೊರಟಾಗ ಸ್ಟೈನ್‌ಮೆಟ್ಸನೂ ಜತೆಗೂಡಿದನು. 1889ರ ಬೇಸಗೆಯ ಆರಂಭದಲ್ಲಿ ಹಡಗಿನ ಅಗ್ಗದ ದರ್ಜೆಯಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಇಬ್ಬರೂ ನ್ಯೂಯಾರ್ಕಿಗೆ ಬಂದಿಳಿದರು. ವಲಸೆ ಬಂದವರನ್ನು ಪರೀಕ್ಷಿಸುವ ಅಧಿಕಾರಿಯ ಮುಂದೆ ನಿಂತದ್ದು ಗೂನುಬೆನ್ನಿನ ಕುಳ್ಳ ತರುಣ. ಕೈಯಲ್ಲಿ ಹಣವಿಲ್ಲ, ಇಂಗ್ಲಿಷ್ ಸರಿಯಾಗಿ ಬಾರದು, ಶೀತದಿಂದ ಮುಖ ಊದಿಕೊಂಡಿತ್ತು. ದೇಶಕ್ಕೆ ಹೊರೆಯಾಗುವವನೆಂದು ಬಗೆದು ಅವನನ್ನು ಹಿಂದಕ್ಕೆ ಕಳುಹಿಸಲು ಅಧಿಕಾರಿ ಮುಂದಾದನು. ಆಸ್ಮುಸ್ಸೆನ್ ಅಡ್ಡಬಂದು, ತನ್ನ ಹಣವನ್ನು ತೋರಿಸಿ, ಗೆಳೆಯನ ಹೊಣೆ ತನ್ನದೆಂದು ಒಪ್ಪಿಕೊಂಡ ಮೇಲೆ ಬಾಗಿಲು ತೆರೆಯಿತು. ವಿದ್ಯುತ್ ವಿಜ್ಞಾನದ ಚರಿತ್ರೆಯಲ್ಲಿ ಈ ಗೆಳೆಯನ ಹೆಸರು ಅಷ್ಟಾಗಿ ಕಾಣುವುದಿಲ್ಲ, ಕಾಣಬೇಕಾಗಿತ್ತು.

ನ್ಯೂಯಾರ್ಕಿನ ಸಮೀಪದ ಯಾಂಕರ್ಸ್ ಎಂಬ ಊರಿನಲ್ಲಿ ರುಡೋಲ್ಫ್ ಐಕೆಮೈಯರ್ ಎಂಬವನ ಕಾರ್ಖಾನೆಯಿತ್ತು. ಅವನೂ ಹಿಂದೊಮ್ಮೆ ಜರ್ಮನಿಯಿಂದ ವಲಸೆ ಬಂದವನೇ. ಅಲ್ಲಿ ಸ್ಟೈನ್‌ಮೆಟ್ಸನಿಗೆ ವಾರಕ್ಕೆ 12 ಡಾಲರ್ ಸಂಬಳದ ನಕಾಶೆಗಾರನ ಕೆಲಸ ದೊರೆಯಿತು. ಸ್ವಲ್ಪ ಕಾಲದಲ್ಲಿಯೇ ಅವನ ಯೋಗ್ಯತೆಯನ್ನು ಗುರುತಿಸಿದ ಯಜಮಾನನು ಅವನನ್ನು ಪ್ರಯೋಗಗಳಿಗೆ ಹಚ್ಚಿದನು.

ಆಗಿನ ಇಂಜಿನಿಯರುಗಳನ್ನು ಕಾಡುತ್ತಿದ್ದ ಸಮಸ್ಯೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿದುಕೊಳ್ಳಬೇಕು. ಪರ್ಯಾಯ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. ಸೆಕೆಂಡಿಗೆ ಹಲವು ಸಾರಿ ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ. ಭಾರತದಲ್ಲಿ ಇಂದು ಬಳಕೆಯಲ್ಲಿರುವುದು ಸೆಕೆಂಡಿಗೆ 50 ಆವರ್ತದ ವಿದ್ಯುತ್ತು. ಅದು ಹರಿಯುವಾಗ ಸುರುಳಿಯೊಳಗಿನ ಉಕ್ಕಿನ ಕಾಂತತ್ವವೂ ಸೆಕೆಂಡಿಗೆ 100 ಸಾರಿ ದಿಕ್ಕು ಬದಲಿಸಬೇಕು. ಉಕ್ಕು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಒಂದು ದಿಕ್ಕಿಗೆ ಕಾಂತವಾದ ಉಕ್ಕನ್ನು ಮತ್ತೊಂದು ದಿಕ್ಕಿಗೆ ತಿರುಗಿಸಿದಾಗ ಅದು ತುಸು ಹಿಂದುಳಿದೇ ಅನುಸರಿಸುತ್ತದೆ. ಹೊಸದಾಗಿ ಹೂಡಿದ ಎತ್ತು ಸಾಲಿನ ತುದಿಯಲ್ಲಿ ತಿರುಗಲು ತಡೆಯುವಂತೆ. ಈ ಹಿಂದುಳಿಯುವಿಕೆಗೆ ವಿಜ್ಞಾನಿಗಳು ಹಿಸ್ಟೆರಿಸಿಸ್ ಎಂದು ಹೆಸರಿಟ್ಟಿದ್ದರು. ಪ್ರತಿಯೊಂದು ಆವರ್ತದಲ್ಲಿಯೂ ಇದಕ್ಕಾಗಿ ಸ್ವಲ್ಪ ಶಕ್ತಿ ಖರ್ಚಾಗಿ ಬಿಸಿಯಾಗಿ ಹೋಗುತ್ತಿತ್ತು. ಎಷ್ಟು ಹೋಗುತ್ತದೆಂಬುದನ್ನು ಮುಂಚಿತವಾಗಿ ಹೇಳುವ ಸುಲಭ ಸೂತ್ರ ಇಂಜಿನಿಯರುಗಳ ಕೈಯಲ್ಲಿರಲಿಲ್ಲ. ಆದ್ದರಿಂದ ಅವರು ಯಂತ್ರವನ್ನು ಕಟ್ಟುತ್ತಿದ್ದರು, ಓಡಿಸಿ ನೋಡುತ್ತಿದ್ದರು, ಅತಿಯಾಗಿ ಕಾದರೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಕಬ್ಬಿಣ, ಹಣ, ಕಾಲ ಮೂರೂ ಹಾಳಾಗುತ್ತಿದ್ದವು.

ಸ್ಟೈನ್‌ಮೆಟ್ಸ್ ತನ್ನ ಪ್ರಯೋಗಗಳ ಅಂಕಿಗಳನ್ನೂ ಇತರರು ಪ್ರಕಟಿಸಿದ್ದ ಅಂಕಿಗಳನ್ನೂ ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ದುಡಿದನು. ಕಡೆಗೆ ಆ ಅಂಕಿಗಳ ರಾಶಿಯಲ್ಲಿ ಅಡಗಿದ್ದ ನಿಯಮ ಹೊರಬಂದಿತು. ಪ್ರತಿ ಆವರ್ತದಲ್ಲಿ ವ್ಯರ್ಥವಾಗುವ ಶಕ್ತಿಯು ಉಕ್ಕಿನ ಗರಿಷ್ಠ ಕಾಂತಸಾಂದ್ರತೆಯ 1.6ನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಸರಳವಾಗಿ ಹೇಳುವುದಾದರೆ, ಕಾಂತಸಾಂದ್ರತೆಯನ್ನು ಎರಡರಷ್ಟು ಮಾಡಿದರೆ ನಷ್ಟವು ಎರಡರಷ್ಟಾಗುವುದಿಲ್ಲ, ಸುಮಾರು ಮೂರರಷ್ಟಾಗುತ್ತದೆ. ಉಕ್ಕನ್ನು ಉಳಿಸಲು ಚೌಕಟ್ಟನ್ನು ಸಣ್ಣದು ಮಾಡಿದರೆ ಸಾಂದ್ರತೆ ಏರಿ ಬಿಸಿ ಹೆಚ್ಚುತ್ತದೆ. ದೊಡ್ಡದು ಮಾಡಿದರೆ ಬಿಸಿ ತಗ್ಗಿ ಬೆಲೆ ಏರುತ್ತದೆ. ಎಲ್ಲಿ ನಿಲ್ಲಬೇಕೆಂಬುದನ್ನು ಇನ್ನು ಲೆಕ್ಕ ಹಾಕಿ ನಿರ್ಧರಿಸಬಹುದಾಗಿತ್ತು. 1892ರ ಜನವರಿಯಲ್ಲಿ ಅಮೆರಿಕದ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯ ಮುಂದೆ ಅವನು ಈ ಪ್ರಬಂಧವನ್ನು ಓದಿದನು. ಆಗ ಅವನಿಗೆ ವಯಸ್ಸು 26. ಅದೇ ವರ್ಷ ಸ್ಥಾಪನೆಯಾದ ಜನರಲ್ ಎಲೆಕ್ಟ್ರಿಕ್ ಕಂಪೆನಿಯು ಐಕೆಮೈಯರನ ಉದ್ಯಮವನ್ನು ಕೊಂಡುಕೊಂಡಿತು. ಅದರೊಂದಿಗೆ ಸ್ಟೈನ್‌ಮೆಟ್ಸನೂ ಆ ಕಂಪೆನಿಗೆ ಬಂದನು.

ಮರುವರ್ಷ ಷಿಕಾಗೊ ನಗರದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಅವನು ಇನ್ನೊಂದು ಮಹತ್ತ್ವದ ವಿಚಾರವನ್ನು ಮಂಡಿಸಿದನು. ಪರ್ಯಾಯ ವಿದ್ಯುತ್ತಿನ ಲೆಕ್ಕಗಳಿಗೆ ಅಲ್ಲಿಯವರೆಗೆ ಕಷ್ಟವಾದ ಕಲನಶಾಸ್ತ್ರವೇ ಬೇಕಾಗಿತ್ತು. ಋಣಸಂಖ್ಯೆಯ ವರ್ಗಮೂಲವನ್ನೊಳಗೊಂಡ ಸಂಮಿಶ್ರ ಸಂಖ್ಯೆಗಳನ್ನು ಬಳಸಿ ಅವನು ಅವುಗಳನ್ನು ಬೀಜಗಣಿತದ ಮಟ್ಟಕ್ಕೆ ಇಳಿಸಿದನು. ಗಣಿತಜ್ಞರ ಕಲ್ಪನೆಯೆಂದು ಜನ ತಿಳಿದಿದ್ದ ಸಂಖ್ಯೆಗಳು ವಿದ್ಯುತ್ ಕಾರ್ಖಾನೆಗಳ ನಿತ್ಯದ ಉಪಕರಣವಾದವು. ಮೊದಮೊದಲು ಬಹಳ ಮಂದಿಗೆ ಅದು ಅರ್ಥವಾಗಲಿಲ್ಲ. ಅವನು ಬೇಸರಿಸದೆ ಗ್ರಂಥಗಳನ್ನು ಬರೆದನು, ಪಾಠ ಹೇಳಿದನು.

1894ರಿಂದ ನ್ಯೂಯಾರ್ಕ್ ಸಂಸ್ಥಾನದ ಸ್ಕೆನೆಕ್ಟಡಿ ಪಟ್ಟಣ ಅವನ ಊರಾಯಿತು. ಅಮೆರಿಕದ ಪೌರತ್ವ ಪಡೆಯುವಾಗ ಅವನು ಕಾರ್ಲ್ ಎಂಬುದನ್ನು ಚಾರ್ಲ್ಸ್ ಎಂದು ಬದಲಾಯಿಸಿ, ಮಧ್ಯದ ಹೆಸರುಗಳ ಸ್ಥಾನದಲ್ಲಿ ಹಳೆಯ ಗೆಳೆಯರಿಟ್ಟ ಪ್ರೋಟಿಯಸ್ ಎಂಬುದನ್ನೇ ಇರಿಸಿಕೊಂಡನು. ಸ್ಕೆನೆಕ್ಟಡಿಯ ಕಾರ್ಖಾನೆಗಳಿಂದ ಹೊರಟ ಯಂತ್ರಗಳು ದೇಶದೇಶಗಳಿಗೆ ಹೋದವು. ಅವುಗಳಲ್ಲಿ ನಮ್ಮ ನಾಡಿಗೆ ಬಂದವೂ ಇದ್ದವು. ಶಿವನಸಮುದ್ರದ ಬಳಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಪಡೆಯಲು ಮೈಸೂರು ಸರ್ಕಾರ ಯೋಜಿಸಿದಾಗ ವಿದ್ಯುತ್ ಸಲಕರಣೆಗಳನ್ನು ಒದಗಿಸಿದ್ದು ಜನರಲ್ ಎಲೆಕ್ಟ್ರಿಕ್ ಕಂಪೆನಿಯೇ. 1902ರ ಜೂನ್ 30ರಂದು, 30,000ಕ್ಕೂ ಹೆಚ್ಚಿನ ವೋಲ್ಟಿಗೆ ಏರಿಸಿದ ವಿದ್ಯುತ್ತು 92 ಮೈಲಿ ದೂರ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಪರಿವರ್ತಕಗಳಿಲ್ಲದಿದ್ದರೆ ಅಷ್ಟು ದೂರಕ್ಕೆ ಅದನ್ನು ಸಾಗಿಸುವ ಮಾತೇ ಇರಲಿಲ್ಲ.

ಅದೇ 1902ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯ ಸ್ಟೈನ್‌ಮೆಟ್ಸನಿಗೆ ಗೌರವ ಪದವಿಯನ್ನಿತ್ತಿತು. ಸ್ಕೆನೆಕ್ಟಡಿಯ ಯೂನಿಯನ್ ಕಾಲೇಜಿನಲ್ಲಿ ಅವನು ವಿದ್ಯುತ್ ಇಂಜಿನಿಯರಿಂಗಿನ ಪ್ರಾಧ್ಯಾಪಕನೂ ಆದನು. ತನ್ನ ಊನವು ಮುಂದಿನ ಪೀಳಿಗೆಗೆ ಹೋಗಬಾರದೆಂದು ಅವನು ಮದುವೆಯಾಗಲಿಲ್ಲ. ಆದರೆ ಒಂಟಿಯಾಗಿ ಬಾಳಲೂ ಇಲ್ಲ. ತನ್ನ ಸಹಾಯಕನಾಗಿದ್ದ ಹೇಡನ್ ಎಂಬ ತರುಣನನ್ನು ದತ್ತು ತೆಗೆದುಕೊಂಡು, ಅವನ ಸಂಸಾರವನ್ನೇ ತನ್ನ ಮನೆಯಲ್ಲಿರಿಸಿಕೊಂಡನು. ಆ ಮಕ್ಕಳಿಗೆ ಅಜ್ಜನಾದನು. ಮನೆಗೆ ಸೇರಿದಂತೆ ಗಾಜಿನ ಗಿಡಮನೆಯಿತ್ತು. ಅದರಲ್ಲಿ ಪಾಪಾಸುಕಳ್ಳಿಗಳು, ಸೀತೆದಂಡೆಯಂಥ ಆರ್ಕಿಡ್ ಹೂಗಳು ಬೆಳೆಯುತ್ತಿದ್ದವು. ಮೊಸಳೆಮರಿಗಳನ್ನೂ ಅವನು ಸಾಕಿದ್ದನು. ಬೇಸಗೆಯಲ್ಲಿ ಮೋಹಾಕ್ ನದಿಯ ಬಳಿಯ ಬಿಡಾರಕ್ಕೆ ಹೋಗಿ, ದೋಣಿಯ ಮೇಲೆ ಅಡ್ಡಹಲಗೆಯನ್ನಿಟ್ಟು, ಅದರ ಮೇಲೆ ಕಾಗದಗಳನ್ನು ಹರಡಿ, ನೀರಿನಲ್ಲಿ ತೇಲುತ್ತಲೇ ಲೆಕ್ಕ ಮಾಡುತ್ತಿದ್ದನು.

ಯೌವನದ ಸಮಾಜವಾದವನ್ನು ಅವನು ಕೈಬಿಡಲಿಲ್ಲ. ದೊಡ್ಡ ಕಂಪೆನಿಯೊಂದರ ಕೀರ್ತಿವಂತ ಇಂಜಿನಿಯರನಾಗಿದ್ದುಕೊಂಡೇ ಸಮಾಜವಾದಿ ಪಕ್ಷದಲ್ಲಿ ದುಡಿದನು. ಪಟ್ಟಣದ ಶಿಕ್ಷಣಮಂಡಲಿಯ ಅಧ್ಯಕ್ಷನಾದಾಗ ಶಾಲೆಗಳಲ್ಲಿ ಮಕ್ಕಳಿಗೆ ಕೂರಲು ಸ್ಥಳವಿಲ್ಲದ ಸ್ಥಿತಿಯನ್ನು ತಪ್ಪಿಸಲು ಶ್ರಮಿಸಿದನು. ವಲಸೆ ಬಂದವರ ಮಕ್ಕಳಿಗೂ ಅಂಗವಿಕಲ ಮಕ್ಕಳಿಗೂ ವಿಶೇಷ ತರಗತಿಗಳು ಏರ್ಪಟ್ಟವು. ಅವೆರಡರ ಕಷ್ಟವನ್ನೂ ಸ್ವತಃ ಉಂಡವನು ಅವನು.

1918ರಲ್ಲಿ ಸ್ಟೈನ್‌ಮೆಟ್ಸ್ ಅಮೆರಿಕದ ಶಕ್ತಿಮೂಲಗಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ಕಲ್ಲಿದ್ದಲು ಮುಗಿದುಹೋಗುವ ವಸ್ತು, ಮಳೆನೀರು ವರ್ಷವರ್ಷವೂ ಬರುವ ವಸ್ತು. ಹಾಗಾದರೆ ನೀರೊಂದರಿಂದಲೇ ದೇಶದ ಕೆಲಸ ನಡೆದೀತೇ ಎಂದು ಅವನು ಲೆಕ್ಕ ಹಾಕಿದನು. ದೇಶದ ಎಲ್ಲ ನೀರನ್ನೂ ಹಿಡಿದು ದುಡಿಸಿದರೂ ಆಗ ಸುಡುತ್ತಿದ್ದ ಕಲ್ಲಿದ್ದಲಿಗೆ ಸರಿಸುಮಾರು ಸಮವಾಗುವಷ್ಟು ಮಾತ್ರ ಶಕ್ತಿ ದೊರೆಯುವುದೆಂದು ಕಂಡುಬಂದಿತು. ಎದೆಗುಂದಿಸುವ ಉತ್ತರವೇ ಅದು. ಆದರೂ ಅವನು ಒಂದು ದಾರಿಯನ್ನು ಸೂಚಿಸಿದನು. ದೊಡ್ಡ ಜಲಪಾತಗಳನ್ನು ಮಾತ್ರ ನೆಚ್ಚದೆ, ಸಣ್ಣ ಸಣ್ಣ ಹಳ್ಳಗಳ ಮೇಲೆ ಸರಳವಾದ, ಕಾವಲುಗಾರರಿಲ್ಲದೆ ತಾವೇ ನಡೆಯುವ ವಿದ್ಯುಜ್ಜನಕಗಳನ್ನಿಟ್ಟು, ಅವು ಕೊಡುವ ಶಕ್ತಿಯನ್ನೆಲ್ಲ ತಂತಿಗಳ ಜಾಲಕ್ಕೆ ಕೂಡಿಸಬೇಕೆಂಬುದು ಆ ಸೂಚನೆ. ಒಂದೇ ಕೇಂದ್ರದಿಂದ ಊರೂರಿಗೆ ಹರಿಯುತ್ತಿದ್ದ ವಿದ್ಯುತ್ತು ಊರೂರಿನಿಂದ ಜಾಲಕ್ಕೆ ಹರಿದುಬರುವ ಚಿತ್ರ ಅದರಲ್ಲಿತ್ತು.

ಅವನ ಕಡೆಯ ವರ್ಷಗಳು ಸಿಡಿಲಿನ ಅಧ್ಯಯನದಲ್ಲಿ ಕಳೆದವು. 1920ರ ಬೇಸಗೆಯಲ್ಲಿ ಅವನ ನದೀತೀರದ ಬಿಡಾರಕ್ಕೇ ಸಿಡಿಲು ಬಡಿಯಿತು. ಒಳಗಿದ್ದ ಕನ್ನಡಿಯೊಂದು ಚೂರುಚೂರಾಯಿತು. ಅವನು ಚೂರುಗಳನ್ನೆಲ್ಲ ಆಯ್ದು, ಎರಡು ಗಾಜಿನ ನಡುವೆ ಮತ್ತೆ ಹೊಂದಿಸಿ, ಸಿಡಿಲು ಹರಿದ ಜಾಡನ್ನು ಪರೀಕ್ಷಿಸಿದನು. 1922ರಲ್ಲಿ ಪ್ರಯೋಗಶಾಲೆಯಲ್ಲಿಯೇ ಕೃತಕ ಸಿಡಿಲನ್ನು ಹುಟ್ಟಿಸಿ ತೋರಿಸಿದನು. ತಂತಿಗಳ ಮೂಲಕ ನುಗ್ಗಿ ಪರಿವರ್ತಕಗಳನ್ನು ಸುಡುತ್ತಿದ್ದ ಸಿಡಿಲಿನಿಂದ ಅವುಗಳನ್ನು ಕಾಯುವ ಸಾಧನಗಳನ್ನು ಪರೀಕ್ಷಿಸಲು ಇದರಿಂದ ಅನುಕೂಲವಾಯಿತು. 1923ರ ಅಕ್ಟೋಬರ್ 26ರಂದು, ತನ್ನ 58ನೆಯ ವಯಸ್ಸಿನಲ್ಲಿ, ಅವನು ಸ್ಕೆನೆಕ್ಟಡಿಯ ಮನೆಯಲ್ಲಿ ಕಣ್ಣು ಮುಚ್ಚಿದನು.

ಅವನು ಬಿಟ್ಟುಹೋದ ಲೆಕ್ಕದ ಅಗತ್ಯ ಮಾತ್ರ ಈ ನೂರು ವರ್ಷಗಳಲ್ಲಿ ಕಡಮೆಯಾಗಲಿಲ್ಲ. ಇಂದು ಹೊಸ ಕಾರಣದಿಂದ ಹೆಚ್ಚಿದೆ. ಅಮೆರಿಕ, ಯೂರೋಪುಗಳಲ್ಲಿ ದುಡಿಯುತ್ತಿರುವ ದೊಡ್ಡ ಪರಿವರ್ತಕಗಳಲ್ಲಿ ಅನೇಕವು ನಾಲ್ಕು ದಶಕಗಳನ್ನು ದಾಟಿದ ಮುದಿಯಂತ್ರಗಳು. ಅವನ್ನು ಕಟ್ಟಿದಾಗ ವಿದ್ಯುತ್ತು ಬರುತ್ತಿದ್ದುದು ದೊಡ್ಡ ವಿದ್ಯುದಾಗಾರದಿಂದ, ಹೋಗುತ್ತಿದ್ದುದು ಮನೆ ಕಾರ್ಖಾನೆಗಳಿಗೆ. ಈಗ ಮನೆಗಳ ಮಾಳಿಗೆಗಳ ಮೇಲೆ ಸೌರಫಲಕಗಳಿವೆ, ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನವೊಂದರ ಸಾಮರ್ಥ್ಯವೇ 2,050 ಮೆಗಾವಾಟ್. ಮಾಳಿಗೆಗಳ ಮೇಲೆ ಫಲಕಗಳು ದಟ್ಟವಾಗಿರುವ ಬಡಾವಣೆಗಳಲ್ಲಿ ನಡುಹಗಲು ವಿದ್ಯುತ್ತು ಊರಿನಿಂದ ಜಾಲಕ್ಕೆ ಹಿಂದಿರುಗಿ ಹರಿಯುತ್ತದೆ. ಸಂಜೆಯಾದೊಡನೆ ಜಾಲದಿಂದ ಊರಿಗೆ ಹರಿಯುತ್ತದೆ. ಮೋಡವೊಂದು ಅಡ್ಡಬಂದರೆ ನಿಮಿಷದಲ್ಲಿ ವೋಲ್ಟೇಜು ಏರಿಳಿಯುತ್ತದೆ.

ಹಳೆಯ ಪರಿವರ್ತಕಕ್ಕೆ ಇದು ಹಲವು ಬಗೆಯ ಪೆಟ್ಟು. ವೋಲ್ಟೇಜು ಏರಿದರೆ ಉಕ್ಕಿನ ಕಾಂತಸಾಂದ್ರತೆ ಏರುತ್ತದೆ. ಅದು ಏರಿದರೆ ನಷ್ಟವು ಇನ್ನೂ ವೇಗವಾಗಿ ಏರುತ್ತದೆಂಬುದು ಸ್ಟೈನ್‌ಮೆಟ್ಸನ ನಿಯಮ. ವೋಲ್ಟೇಜನ್ನು ಹದದಲ್ಲಿಡಲು ಸುರುಳಿಯ ಸುತ್ತುಗಳನ್ನು ಹೆಚ್ಚುಕಡಮೆ ಮಾಡುವ ಸಾಧನವು ದಿನಕ್ಕೆ ಹಿಂದಿಗಿಂತ ಹೆಚ್ಚು ಸಾರಿ ಚಲಿಸಿ ಸವೆಯುತ್ತದೆ. ಸೌರಫಲಕದ ಏಕಮುಖ ಪ್ರವಾಹವನ್ನು ಪರ್ಯಾಯ ಪ್ರವಾಹವಾಗಿಸುವ ಇನ್‌ವರ್ಟರುಗಳು ಶುದ್ಧವಾದ ಅಲೆಯ ಜತೆಗೆ ಹೆಚ್ಚು ಆವರ್ತದ ಕಿರುಅಲೆಗಳನ್ನೂ ತುಸು ಬೆರೆಸಿ ಕಳುಹಿಸುತ್ತವೆ. ತಾಮ್ರದ ಸುರುಳಿಯಲ್ಲಿ ಹುಟ್ಟುವ ಸುಳಿಪ್ರವಾಹದ ನಷ್ಟವು ಆವರ್ತದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅಷ್ಟೇ ಪ್ರಮಾಣದ ಪ್ರವಾಹದ ಆವರ್ತ ಐದರಷ್ಟಾದರೆ ಆ ನಷ್ಟ ಇಪ್ಪತ್ತೈದರಷ್ಟಾಗುತ್ತದೆ. ಇವೆಲ್ಲವೂ ಕೊನೆಗೆ ಬಿಸಿಯಾಗಿ ಪರಿಣಮಿಸುತ್ತವೆ.

ಬಿಸಿಗೆ ಬಲಿಯಾಗುವುದು ಉಕ್ಕಲ್ಲ, ತಾಮ್ರವೂ ಅಲ್ಲ, ಕಾಗದ. ಸುರುಳಿಗಳಿಗೆ ಹೊದಿಸಿದ ಕಾಗದದ ನಾರು ಕಾವಿನಿಂದ ಮೆಲ್ಲಮೆಲ್ಲನೆ ತುಂಡಾಗುತ್ತದೆ. ಸುರುಳಿಯ ಅತ್ಯಂತ ಬಿಸಿಯಾದ ಸ್ಥಳದಲ್ಲಿ ಆರೇಳು ಡಿಗ್ರಿ ಹೆಚ್ಚಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಎಣ್ಣೆಯನ್ನು ಬದಲಿಸಬಹುದು, ಸೋಸಬಹುದು. ಕಾಗದವನ್ನು ಬದಲಿಸಬೇಕಾದರೆ ಸುರುಳಿಯನ್ನೇ ಬಿಚ್ಚಬೇಕು. ಮುದಿ ಪರಿವರ್ತಕವನ್ನು ಕಿತ್ತೆಸೆದು ಹೊಸದನ್ನು ತರೋಣವೆಂದರೆ ಬೆಲೆ ದೊಡ್ಡದು. ದೊಡ್ಡ ಪರಿವರ್ತಕ ತಯಾರಾಗಿ ಬರಲು ವರ್ಷಗಳೇ ಹಿಡಿಯಬಹುದು. ಆದ್ದರಿಂದ ಇಂಜಿನಿಯರುಗಳು ಮೊದಲು ವೈದ್ಯರಂತೆ ಪರೀಕ್ಷೆ ಮಾಡುತ್ತಾರೆ. ಎಣ್ಣೆಯಲ್ಲಿ ಕರಗಿರುವ ಅನಿಲಗಳನ್ನು ಅಳೆದು ಒಳಗಿನ ರೋಗವನ್ನು ತಿಳಿಯುತ್ತಾರೆ. ಸಾಧ್ಯವಾದಲ್ಲಿ ತೇವವನ್ನು ಒಣಗಿಸಿ, ತಂಪುಗೊಳಿಸುವ ಬೀಸಣಿಗೆಗಳನ್ನು ಹೆಚ್ಚಿಸಿ, ವೋಲ್ಟೇಜು ಹೊಂದಿಸುವ ಸಾಧನವನ್ನು ಹೊಸದಾಗಿ ಜೋಡಿಸುತ್ತಾರೆ. ಸ್ಥಿತಿ ಕೆಟ್ಟಿದ್ದರೆ ಹೆಚ್ಚು ಕಾವನ್ನು ತಡೆಯುವ ಕಾಗದ ಹೊದಿಸಿದ ಹೊಸ ಸುರುಳಿಗಳನ್ನು ಹಳೆಯ ಪೆಟ್ಟಿಗೆಯೊಳಗೇ ಇಳಿಸುತ್ತಾರೆ.

ಆಗ ಏಳುವ ಪ್ರಶ್ನೆ ಉಕ್ಕಿನ ಚೌಕಟ್ಟಿನದು. ಸುರುಳಿಯಂತೆ ಅದು ಸವೆಯುವುದಿಲ್ಲ. ಉಳಿಸಿಕೊಂಡರೆ ಹಣ ಮಿಗುತ್ತದೆ. ಆದರೆ ಹಳೆಯ ಉಕ್ಕು ಇಂದಿನ ಉಕ್ಕಿಗಿಂತ ಹೆಚ್ಚು ಶಕ್ತಿಯನ್ನು ನುಂಗುತ್ತದೆ. ಪರಿವರ್ತಕಕ್ಕೆ ಹೊರೆಯಿರಲಿ ಇಲ್ಲದಿರಲಿ, ಜಾಲಕ್ಕೆ ಸೇರಿರುವಷ್ಟು ಕಾಲ, ವರ್ಷದ 8,760 ಗಂಟೆಯೂ ಆ ನಷ್ಟ ನಿಲ್ಲುವುದಿಲ್ಲ. ಚೌಕಟ್ಟನ್ನು ಇರಗೊಡಬೇಕೇ, ತೆಗೆಯಬೇಕೇ ಎಂದು ತೀರ್ಮಾನಿಸುವ ಮೊದಲು ಈ ನಷ್ಟವನ್ನು ಲೆಕ್ಕಕ್ಕೆ ತರಲೇಬೇಕು. ಉಕ್ಕಿನ ಜಾತಿ ಬದಲಾಗಿರುವುದರಿಂದ 1.6 ಎಂಬ ಸಂಖ್ಯೆಯೂ ಉಕ್ಕಿನಿಂದ ಉಕ್ಕಿಗೆ ಬದಲಾಗುತ್ತದೆ; ಶುದ್ಧವಲ್ಲದ ಅಲೆಗಳಿಗಾಗಿ ಸೂತ್ರಕ್ಕೆ ತಿದ್ದುಪಡಿಗಳೂ ಸೇರಿವೆ. ಆದರೆ ಅದರ ಹೆಸರು ಮಾತ್ರ ಇಂದಿಗೂ ಸ್ಟೈನ್‌ಮೆಟ್ಸ್ ಸಮೀಕರಣವೆಂದೇ ಉಳಿದಿದೆ.